ಮಳಗಿ ಶಿಬಿರದ ಕಾಲುವೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಹಳಿಯಾಳದ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದೆ. ವಾರಕ್ಕೊಂದು ತಾಸು ನಾಯಕತ್ವ ಕಲಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅಲ್ಲಿಯವರೆಗೆ ನಾನು ಆಳಿದ್ದೆಂದರೆ ಮನೆಯ ರೇಡಿಯೊ ಒಂದನ್ನೇ; ಅದೂ ಹೆಂಡತಿ ಅಡುಗೆಮನೆಯಲ್ಲಿದ್ದಾಗ. ಆದರೂ ನಾಯಕನ ಹನ್ನೊಂದು ಗುಣಗಳನ್ನು ಬೋರ್ಡಿನ ಮೇಲೆ ಬರೆದು, ಕೈಗಂಟಿದ ಸೀಮೆಸುಣ್ಣ ಝಾಡಿಸಿಕೊಂಡು ಠೀವಿಯಿಂದ ಹೊರಬರುತ್ತಿದ್ದೆ.

ಕಲಿತದ್ದನ್ನು ಮಾಡಿ ನೋಡಲೆಂದು ರಜೆಯಲ್ಲಿ ಇಪ್ಪತ್ತು ಹುಡುಗ ಹುಡುಗಿಯರನ್ನು ಮಳಗಿ ಹತ್ತಿರದ ಹಳ್ಳಿಯೊಂದಕ್ಕೆ ಕರೆದೊಯ್ದೆ. ಗುಡ್ಡದ ಒರತೆಯಿಂದ ಊರಿನವರೆಗೆ ಕಾಲುವೆ ತೋಡುವುದು ಕೆಲಸ. ಮುಖಂಡನಾಗಿ ಹಳಿಯಾಳ ಪೇಟೆಯ ಬಟ್ಟೆ ವ್ಯಾಪಾರಿಯ ಮಗನನ್ನು ಆರಿಸಿದೆ. ಚರ್ಚಾಸ್ಪರ್ಧೆಯ ಬಹುಮಾನ ಯಾವಾಗಲೂ ಅವನದೇ. ಹನ್ನೊಂದು ಗುಣಗಳೂ ಅವನಿಗೆ ಬಾಯಿಪಾಠ.

ಅವನು ಕಾಗದದ ಮೇಲೆ ಸ್ಕೇಲಿಟ್ಟು ಕಾಲುವೆಗೆ ನೆಟ್ಟಗೆ ಗೆರೆ ಎಳೆದ. ನಾನು ಭೇಷ್ ಎಂದು ಸಹಿ ಹಾಕಿದೆ. ಮೊದಲ ದಿನವೇ ಪಕ್ಕದ ಹೊಲದಲ್ಲಿದ್ದ ಸಿದ್ದಿ ಹೆಂಗಸೊಬ್ಬರು ಬಂದು ನೋಡಿ, “ತಮ್ಮಾ, ನಡುವ ನೆಲಾ ಉಬ್ಬೈತಿ. ನೀರ ಏರಂಗಿಲ್ಲ. ಆ ಮಾವಿನ ಗಿಡಾ ಸುತ್ತ ಹಾಕಿ ಒಯ್ರಿ” ಎಂದರು.

“ನಕ್ಷಾ ಹೆಂಗೈತಿ ಹಂಗ ಆಗಬೇಕ್ರಿ ಅಕ್ಕಾ,” ಎಂದ ಮುಖಂಡ. ಅಕ್ಕ ನಕ್ಕು ಹೊಲಕ್ಕೆ ಮರಳಿದರು.

ಮೂರು ದಿನ ತೋಡಿದೆವು. ಎಲ್ಲರ ಅಂಗೈಯಲ್ಲೂ ಬೊಬ್ಬೆ. ನಾಲ್ಕನೆಯ ದಿನ ಒರತೆಯ ಬಾಯಿ ಬಿಡಿಸಿದರೆ, ನೀರು ಸಡಗರದಿಂದ ಬಂದು ಅರ್ಧ ದಾರಿಯಲ್ಲಿ ನಿಂತು ಅಲ್ಲೇ ಹೊಂಡವಾಯಿತು. ಎರಡು ಎಮ್ಮೆಗಳು ಬಂದು ಅದರಲ್ಲಿ ಮಲಗಿದವು. ಆ ದಿನ ಸಂತೋಷಪಟ್ಟವು ಅವೆರಡೇ.

“ಯಾರ ತಪ್ಪಲೇ ಇದು?” ಎಂದು ಹುಡುಗನೊಬ್ಬ ಕೂಗಿದ.

ಮುಖಂಡನ ಮುಖ ಸಣ್ಣದಾಯಿತು. “ನಂದ. ಅಕ್ಕಾರು ಹೇಳಿದ್ರು, ನಾ ಕೇಳಲಿಲ್ಲ,” ಎಂದ.

ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಎಮ್ಮೆಗಳನ್ನು ನೋಡುವ ನೆಪದಲ್ಲಿ ಆಚೆ ತಿರುಗಿದೆ ಕೂಡ. ಆಮೇಲೆ ನಾಚಿಕೆಯಾಗಿ, “ಸಹಿ ಹಾಕಿದಾವ ನಾನ. ಜಾಗಾನ ನೋಡಿರಲಿಲ್ಲ” ಎಂದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಎಲ್ಲರಿಗೂ ಹಗುರಾಯಿತು.

ಮುಖಂಡ ಹೊಲಕ್ಕೆ ಹೋಗಿ ಅಕ್ಕನನ್ನು ಕರೆತಂದ. “ಹೆಂಗ ಒಯ್ಯೂಣ್ರಿ, ನೀವ ತೋರಸ್ರಿ.” ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿಯ ಕಾವಿನಿಂದ ನೆಲದ ಮೇಲೆ ಗೆರೆ ಎಳೆಯುತ್ತ ನಡೆದರು. ಗೆರೆ ಎಲ್ಲೂ ನೆಟ್ಟಗಿರಲಿಲ್ಲ. ಮುಖಂಡನೇ ಮೊದಲು ಗುದ್ದಲಿ ಹಾಕಿದ. ಅಷ್ಟು ದಿನ ನೆರಳು ಹುಡುಕುತ್ತಿದ್ದವರೂ ಅವನ ಜೊತೆ ಇಳಿದರು. ಎರಡು ದಿನದಲ್ಲಿ ನೀರು ಊರು ಮುಟ್ಟಿತು.

ಮುಂದಿನ ತಿಂಗಳು ಆ ಅಕ್ಕನನ್ನು ನನ್ನ ಕ್ಲಾಸಿಗೆ ಕರೆಸಿದೆ. ಪ್ರಾಂಶುಪಾಲರು ಹುಬ್ಬೇರಿಸಿದರೂ ಬೇಡವೆನ್ನಲಿಲ್ಲ.

“ನಾ ಏನ ಹೇಳಬೇಕ್ರಿ ಮಾಸ್ತರ? ಸಾಲಿ ಮೆಟ್ಟಲಾನೂ ಹತ್ತಿದಾಕಿ ಅಲ್ಲ ನಾ,” ಎಂದು ಸಂಕೋಚಪಟ್ಟರು. ಆಮೇಲೆ ಹುಡುಗರ ಕಡೆ ತಿರುಗಿ, “ನಿಮ್ಮ ಊರಾಗ ಕುಡಿಯೂ ನೀರ ಎಲ್ಲಿಂದ ಬರತೈತಿ?” ಎಂದು ಕೇಳಿದರು. ಉತ್ತರ ಗೊತ್ತಿದ್ದದ್ದು ಇಬ್ಬರಿಗೆ. “ಹೋಗಿ ನೋಡಿ ಬರ್ರಿ,” ಎಂದರು ಅಕ್ಕ, ಬೈಯದೆ.

ಅಂದು ಅವರನ್ನು ಬಸ್ಸು ಹತ್ತಿಸಲು ಇಡೀ ಕ್ಲಾಸು ತಮ್ಮೂರಿನ ನೀರಿನ ಬಗ್ಗೆ ಮಾತಾಡುತ್ತ ಸ್ಟ್ಯಾಂಡಿನವರೆಗೆ ನಡೆದು ಹೋಯಿತು.