ಗುಂಯ್ ಸದ್ದು ಹೋದ ಮೇಲೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಿರಂಗೂರಿನ ಅತ್ತೆ ಅವತ್ತು ಕೂತಿದ್ದದ್ದು ಚಾಪೆಯ ಮೇಲೋ ಮಂಚದ ಮೇಲೋ, ಖಚಿತವಿಲ್ಲ. ಮೈಕು ಮಾತ್ರ ನಾನೇ ಬೆಸುಗೆ ಹಾಕಿ ಮಾಡಿದ್ದು. ಅದು ನನ್ನ ಹವ್ಯಾಸ.

ಅತ್ತೆ ನನ್ನ ಅಪ್ಪನ ಅಕ್ಕ. ಸುತ್ತಲ ಮದುವೆಗಳಲ್ಲಿ ಸೋಬಾನೆ ಹೇಳುವವರು. ಆ ದನಿಯನ್ನು ಹಿಡಿದಿಡಬೇಕೆಂಬುದು ನನ್ನ ಆಸೆ. ಮೊದಲ ಸಲ ಹಾಡಿಸಿದಾಗ ಗುಂಯ್ ಎನ್ನುವ ಸದ್ದಿನಲ್ಲಿ ಪದಗಳೆಲ್ಲ ಮುಳುಗಿಹೋದವು. ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿ ನೋಡಿದೆ, ಸದ್ದಿಲ್ಲ. ಅಂದರೆ ಕೊಳೆ ಅಡಾಪ್ಟರಿನಿಂದ ಬರುವ ಕರೆಂಟಿನದು. ಅದು ಮೈಕಿಗೆ ಹೋಗುವ ದಾರಿಯಲ್ಲಿ ಒಂದು ರೆಸಿಸ್ಟರ್, ಅದರಾಚೆ ಗ್ರೌಂಡಿಗೆ ಒಂದು ದೊಡ್ಡ ಕೆಪಾಸಿಟರ್ ಸೇರಿಸಿದೆ. ಕದಡಿದ ನೀರನ್ನು ತಿಳಿಯಾಗಲು ಬಿಟ್ಟ ಹಾಗೆ.

ಮತ್ತೆ ಹಾಡಿಸಿದೆ. ನನ್ನ ಕಿವಿಯೆಲ್ಲ ಗುಂಯ್ ಹೋಯಿತೇ ಎಂಬುದರ ಮೇಲೆ. ಹಾಡು ಕೇಳಿಸಿಕೊಳ್ಳಲೇ ಇಲ್ಲ. ಆಮೇಲೆ ಅತ್ತೆಯ ಮಗ, ಅಂದರೆ ಭಾವ, ಹೊಲದಿಂದ ಬಂದರು. ಹೆಮ್ಮೆಯಿಂದ ಸ್ಪೀಕರಿಗೆ ಹಾಕಿದೆ. ಅತ್ತೆಯ ಉಸಿರೂ ಕೇಳುವಷ್ಟು ನಿಚ್ಚಳವಾಗಿತ್ತು.

"ಹಕ್ಕಿಯ ಕೇರ್ಯಾಳೆ ಹಕ್ಕಯ್ಯ..."

ಅದು ಅಕ್ಕಯ್ಯ ಅಕ್ಕಿ ಕೇರುವ ಹಾಡು. ಭಾವ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ ಅಂದುಕೊಂಡಿದ್ದೇನೆ.

"ಅಲ್ಲ ಕಣವ್ವೋ, ಮೊರಕ್ಕಾಕಿ ಕೇರುದ್ರೆ ಹಕ್ಕಿ ಆರೋಗಕಿಲ್ವ? ಅದ್ಯಾರವ್ವ ಹಕ್ಕಯ್ಯ?"

"ಸುಮ್ಕಿರ್ಲಾ," ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಓದ್ದೋಳ ಮಿಸಿನ್ನು. ನಮ್ಮಂಗೆ ಅಂದ್ರೆ ಚೆಂದಾಗಿರಕಿಲ್ಲ ಅಂತ ಎಲ್ಲಾದ್ಕೂ ಹ ಸೇರುಸ್ದೆ."

ನನ್ನ ಮುಖ ಬಿಸಿಯಾಯಿತು. ಮದುವೆ ಚಪ್ಪರದಲ್ಲಿ ಯಾರ ಮುಂದೆಯೂ ತೊಡರದ ನಾಲಿಗೆ ನನ್ನ ಮುಂದೆ ತೊಡರಿತ್ತು.

"ನೀವು ಯಾವಾಗ್ಲೂ ಹೇಳೋ ಹಾಗೇ ಹೇಳಿ ಅತ್ತೆ," ಎಂದೆ. ಮೂರು ಹಕಾರಗಳೂ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಿದ್ದವೆಂದು ನನಗೇ ಕೇಳಿಸಿ, ಇನ್ನಷ್ಟು ಕುಗ್ಗಿದೆ.

"ಬ್ಯಾಡ ಕವ್ವ. ಅದ್ನೂ ಅಳಿಸ್ಬುಡು."

ಅತ್ತೆ ಮತ್ತೆ ಹಾಡಲಿಲ್ಲ. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಕಳೆದದ್ದು ಆ ಮನೆಯಲ್ಲೇ. ಅವರ ಮಾತನ್ನು ತಿದ್ದಿದ, ಅಣಕಿಸಿದ ನೆನಪು ನನಗಿಲ್ಲ. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ತಂತಿ ಸುತ್ತಿಡುತ್ತ ಕೇಳಿಯೇಬಿಟ್ಟೆ. ಅತ್ತೆ ಕಾಫಿಗಿಡಲು ಎದ್ದುಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ನಿಮ್ಮ ಮಾತು ಕೇಳಿ ನಾನು ಯಾವತ್ತಾದ್ರೂ ನಕ್ಕಿದ್ನಾ?"