ಬೈಂಡರ್ ದೊಡ್ಡಪ್ಪನ ಕಸ

ನಮ್ಮ ದೊಡ್ಡಪ್ಪ ಮೂವತ್ತೆಂಟು ವರ್ಷ ಮನೆಯ ಕಸವನ್ನು ತಾವೇ ಹೊತ್ತು ಹಾಕಿದವರು. ಕೆಲಸ ಪುಸ್ತಕದ ಬೈಂಡಿಂಗ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರು ಅಂಟು ಹಚ್ಚುತ್ತಾರೆ, ನಾನು ಹೊಲಿಯುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯದೊಂದು, ಅಂಗಡಿಯದೊಂದು ಚೀಲ ಸ್ಕೂಟರಿನ ಮುಂದಿಟ್ಟುಕೊಂಡು ಊರಾಚೆಯ ತಿಪ್ಪೆಗೆ ಹೊರಡುತ್ತಿದ್ದರು. ತಾನು ಸುರಿದ ಜಾಗ ತನಗೆ ಗೊತ್ತಿರುತ್ತದೆ, ತಪ್ಪಿ ಏನಾದರೂ ಹೋದರೆ ಮರುದಿನ ಹೋಗಿ ತರಬಹುದು ಎನ್ನುವುದು ಅವರ ವಾದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿ ಒಂದು ಚೂರು ಕಾಗದ ತಂದವರಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಅದನ್ನು ಹೇಳುವವರು ಯಾರು?

ಹೀಗಿರುವಾಗ ಪುರಸಭೆಯವರು ಹೊಸ ನಿಯಮ ತಂದರು. ಇನ್ನು ಮೇಲೆ ಎಲ್ಲರೂ ಮನೆ ಬಾಗಿಲಿಗೆ ಬರುವ ಗಾಡಿಗೇ ಕಸ ಕೊಡಬೇಕು. ತಿಪ್ಪೆಯ ಗೇಟಿನೊಳಗೆ ಯಾರೂ ಸ್ವಂತ ಚೀಲ ತರುವಂತಿಲ್ಲ. ಸ್ಕೂಟರಿನ ವಾಸನೆಯಿಂದ ಬಿಡುಗಡೆಯಾಯಿತೆಂದು ದೊಡ್ಡಮ್ಮ ಬಾಯಿಬಿಟ್ಟೇ ಹೇಳಿದರು. ದೊಡ್ಡಪ್ಪ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ತನ್ನೊಬ್ಬನಿಗೆ ವಿನಾಯಿತಿ ಬೇಕೆಂದು ಅರ್ಜಿ ಬರೆದು ಕಚೇರಿಗೆ ಹೋದರು. ಒಬ್ಬರಿಗೆ ಬಿಟ್ಟರೆ ಬೀದಿಯವರೆಲ್ಲ ಕೇಳುತ್ತಾರೆ, ಅವರಲ್ಲಿ ಅರ್ಧ ಜನ ತಿಪ್ಪೆಯವರೆಗೂ ಹೋಗದೆ ಮೋರಿಗೇ ಸುರಿಯುತ್ತಾರೆ ಎಂದು ಅಲ್ಲಿನ ಗುಮಾಸ್ತರು ಹೇಳಿದರಂತೆ. ಇವರು ಇಂಗು ತಿಂದ ಮಂಗನಂತೆ ಮನೆಗೆ ಬಂದರು.

ಗಾಡಿ ಸೋಮವಾರ, ಗುರುವಾರ ಬೆಳಿಗ್ಗೆ ಏಳಕ್ಕೆ ಬರುತ್ತಿತ್ತು. ಅದರ ಗಂಟೆ ಕೇಳಿಸಿದ ಕೂಡಲೇ ದೊಡ್ಡಪ್ಪ ಮುಖ ಗಂಟು ಹಾಕಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಚೀಲ ಕೊಡುವುದು ದೊಡ್ಡಮ್ಮನ ಪಾಲಿಗೆ ಬಂತು.

ಆ ವಾರ ನಿವೃತ್ತ ನರ್ಸಮ್ಮ ಒಬ್ಬರು ದಪ್ಪನೆಯ ನೋಟ್‌ಬುಕ್ ತಂದುಕೊಟ್ಟಿದ್ದರು. ತಾವು ಹೆರಿಗೆ ಮಾಡಿಸಿದ ಒಂದೊಂದು ಮಗುವಿನ ಬಗ್ಗೆಯೂ ಎರಡೆರಡು ಸಾಲು ಬರೆದಿಟ್ಟ ಪುಸ್ತಕ. ಹೊಲಿಗೆ ಬಿಟ್ಟು ಹಾಳೆಗಳು ಉದುರುತ್ತಿದ್ದವು. ಇದಕ್ಕೆ ಇನ್ನೊಂದು ಪ್ರತಿಯಿಲ್ಲ, ಜೋಪಾನ ಎಂದು ಎರಡೆರಡು ಸಲ ಹೇಳಿ ಹೋಗಿದ್ದರು.

ಗುರುವಾರ ಹತ್ತು ಗಂಟೆಗೆ ಅದನ್ನು ಹೊಲಿಯಲು ಕೂತೆ. ಹಾಳೆಗಳ ಮೂಲೆಯಲ್ಲಿ ಕೆಂಪು ಶಾಯಿಯ ಅಂಕಿಗಳಿದ್ದವು. ನನ್ನ ಕೈಗೆ ಬಂದ ಮೊದಲ ಪುಟ ಹದಿನೇಳು.

"ದೊಡ್ಡಪ್ಪ, ಇದು ಹದಿನೇಳರಿಂದ ಶುರುವಾಗ್ತಿದೆ" ಎಂದೆ.

ಕಪಾಟು, ಮೇಜಿನಡಿ, ಒತ್ತುಯಂತ್ರದ ಸಂದು ಎಲ್ಲ ಹುಡುಕಿದೆವು. ಆದರೆ ಏನಾಗಿದೆಯೆಂದು ಇಬ್ಬರಿಗೂ ಆಗಲೇ ಹೊಳೆದಿತ್ತು. ಅಂಟು ಹಚ್ಚುವಾಗ ಮೇಜು ಹಾಳಾಗದಂತೆ ನಾವು ಕೆಳಗೆ ರದ್ದಿ ಹಾಳೆ ಹಾಸುತ್ತೇವೆ. ಒಂದಕ್ಕೆ ಅಂಟು ತಾಗಿದರೆ ಅದರ ಮೇಲೆ ಇನ್ನೊಂದು. ನಮ್ಮ ರದ್ದಿಯೂ ಹಳೆಯ ಕೈಬರಹದ ಹಾಳೆಗಳೇ. ನರ್ಸಮ್ಮನ ಮೊದಲ ಹದಿನಾರು ಪುಟ ಆ ಅಟ್ಟಿಯ ನಡುವೆ ಸೇರಿಕೊಂಡಿವೆ. ಹಿಂದಿನ ಸಂಜೆ ಅದನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿದವರು ಬೇರೆ ಯಾರೂ ಅಲ್ಲ, ದೊಡ್ಡಪ್ಪನೇ. ಚೀಲ ಗಾಡಿ ಹತ್ತಿ ಮೂರು ಗಂಟೆಯಾಗಿತ್ತು.

ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ನಾನೇ ಓಡಿಸಿದೆ. ಗಾಡಿಯವರನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಒಂದೇ ಮಾತು: "ಆಯಮ್ಮನಿಗೆ ಏನಂತ ಹೇಳ್ಲಿ?"

ತಿಪ್ಪೆಯ ಪಕ್ಕದ ಶೆಡ್ಡಿನಲ್ಲಿ ಕಸ ಬೇರೆ ಮಾಡುತ್ತಿದ್ದರು. ನಮ್ಮ ಬೀದಿಯ ಗಾಡಿಯ ಹೆಂಗಸು ಅಂಗಡಿಯಲ್ಲಿ ನೋಡಿದ್ದ ನನ್ನ ಗುರುತು ಹಿಡಿದು, ನಾವು ಬಾಯಿ ತೆರೆಯುವ ಮೊದಲೇ ಕೈಗವಸು ಬಿಚ್ಚಿ ಒಳಗೆ ಹೋದಳು. ಕಿಟಕಿಯ ಕಟ್ಟೆಯಿಂದ ಹಾಳೆಗಳ ಒಂದು ಕಟ್ಟು ತಂದಳು. ಸುರುಳಿ ಬಿಡಲೆಂದು ಅದರ ಮೇಲೆ ಇಟ್ಟಿಗೆ ಹೇರಿಟ್ಟಿದ್ದಳಂತೆ.

"ಅಂಟಿನ ಕಾಗದ ಸೇರಿದ್ರೆ ಮಾರೋ ರದ್ದಿಯ ಹೊರೆ ಪೂರ್ತಿ ಕೆಟ್ಟೋಗುತ್ತೆ, ಅದಕ್ಕೆ ನಿಮ್ಮ ಸುರುಳಿ ಯಾವಾಗ್ಲೂ ಬಿಚ್ಚಿ ನೋಡ್ತೀನಿ" ಎಂದಳು. "ಒಂದರಿಂದ ಹದಿನಾರರ ತನಕ ಸಾಲಾಗಿ ನಂಬರ್ ಇತ್ತು. ಕಸಕ್ಕೆ ಯಾರು ಸಾರ್ ನಂಬರ್ ಹಾಕ್ತಾರೆ? ಸೋಮವಾರ ಬಂದಾಗ ಕೊಡೋಣ ಅಂತ ಎತ್ತಿಟ್ಟೆ."

ದೊಡ್ಡಪ್ಪ ಅಲ್ಲೇ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಸಿದು ಕೂತು ಎರಡು ಸಲ ಎಣಿಸಿದರು. ಹದಿನಾರೂ ಇದ್ದವು. ಹೋದ ಜೀವ ಬಂದಂತಾಯಿತು ನನಗೆ. ಅವರು ಕಣ್ಣೊರೆಸಿಕೊಳ್ಳಲು ನಾಚಲಿಲ್ಲ.

"ಇಷ್ಟು ವರ್ಷ ನಾನೇ ತಂದು ಸುರಿದೆನಲ್ಲಮ್ಮ, ಅದ್ರಲ್ಲಿ ಯಾರ್ಯಾರ ಹಾಳೆ ಹೋಗಿದೆಯೋ" ಎಂದರು.

"ಹೋಗಿದ್ರೆ ಗಿರಾಕಿಗಳು ನಿಮ್ಮನ್ನ ಸುಮ್ನೆ ಬಿಡ್ತಿದ್ರಾ?" ಎಂದಳು ಆಕೆ.

ದೊಡ್ಡಪ್ಪ ನಕ್ಕುಬಿಟ್ಟರು. ನಿಯಮ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಶನಿವಾರ ನರ್ಸಮ್ಮ ಬಂದು ಹೊಸ ರಟ್ಟು ಸವರಿ ನೋಡಿದರು, ಮೊದಲ ಪುಟ ತೆಗೆದು ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. "ಇದು ನನ್ನ ಕೈಗೆ ಬಂದ ಮೊದಲನೇ ಮಗು. ಎಷ್ಟೊತ್ತಾದ್ರೂ ಅಳಲೇ ಇಲ್ಲ. ಅತ್ತ ಮೇಲೆ ನನಗೆ ನಿಲ್ಲೋಕೇ ಆಗ್ಲಿಲ್ಲ, ನೆಲದ ಮೇಲೆ ಕೂತುಬಿಟ್ಟೆ."

"ಗೊತ್ತಮ್ಮ, ಗುರುವಾರ ನನಗೂ ಹಾಗೇ ಆಯ್ತು" ಎಂದು ದೊಡ್ಡಪ್ಪ ನಡೆದದ್ದೆಲ್ಲ ಒಂದೂ ಬಿಡದೆ ಹೇಳಿದರು. ನರ್ಸಮ್ಮ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕೇಳಿದರು. ಕೊನೆಗೆ, ಆ ಗಾಡಿಯವಳನ್ನು ತಾವೂ ನೋಡಬೇಕು, ಯಾವತ್ತು ಬರುತ್ತಾಳೆ ಎಂದರು.

"ಸೋಮವಾರ ಏಳು ಗಂಟೆಗೆ" ಎಂದರು ದೊಡ್ಡಪ್ಪ. "ಚೀಲ ಹಿಡ್ಕೊಂಡು ಬಾಗಿಲಲ್ಲಿ ನಾನೇ ನಿಂತಿರ್ತೀನಿ, ಬನ್ನಿ."