ಮೀನು ಟೀಚರ್ ಕೂದಲಲ್ಲಿ ಸಿಕ್ಕ ತಾಮ್ರ

ನಮ್ಮ ಕಡೆಯ ಮಕ್ಕಳಿಗೆಲ್ಲ ಈಜು ಕಲಿಸಿದವಳು ಅವಳು. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಎಲ್ಲರ ಬಾಯಲ್ಲೂ ಅವಳು ಮೀನು ಟೀಚರ್. ನೀರು ಕಂಡರೆ ಅಮ್ಮನ ಕೈ ಬಿಡದ ಮಗುವನ್ನೂ ಮಾತಾಡಿಸುತ್ತಾ ಮಾತಾಡಿಸುತ್ತಾ ತೇಲಿಸಿಬಿಡುತ್ತಿದ್ದಳು. ಬಿಳಿ ಟೈಲ್ಸಿನ ಆ ಒಳಾಂಗಣ ಕೊಳ, ಗೋಡೆಗೆ ಬಡಿದು ಎರಡರಷ್ಟಾಗಿ ಮರಳುವ ಮಕ್ಕಳ ಕಿರುಚಾಟ, ಬಟ್ಟೆಗೆ ಅಂಟಿ ಮನೆಗೂ ಬರುವ ಕ್ಲೋರಿನ್ ವಾಸನೆ: ಅವಳ ಅರ್ಧ ಆಯಸ್ಸು ಇವುಗಳಲ್ಲೇ ಕಳೆದಿತ್ತು. ಕಿವಿಯ ಪಕ್ಕದ ನರೆಗೂದಲಿಗೆ ತೆಳುವಾಗಿ ಹಸಿರು ಬಂದಿತ್ತು. "ಟೀಚರ್‌ಗೆ ಪಾಚಿ ಕಟ್ಟಿದೆ" ಎಂದು ಮಕ್ಕಳು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

ಒಂದು ವರ್ಷ ಕೆಟ್ಟ ಜ್ವರ ಬಂದು ಅವಳು ಹಾಸಿಗೆ ಹಿಡಿದಳು. ಜ್ವರವೇನೋ ಬಿಟ್ಟಿತು, ಆದರೆ ಆಮೇಲೆ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಬೆಳಗ್ಗೆ ದಿಂಬು ನೋಡಲೂ ಅವಳಿಗೆ ಭಯ.

"ಹೀಗೇ ಬಿಟ್ರೆ ಬೋಳಾಗ್ತೀಯ ಕಣೇ," ಅಂದಳು ಅವಳ ಅಕ್ಕ. "ನಂಗೊಬ್ರು ಗೊತ್ತು. ಒಂಚೂರು ಕೂದಲು ಕೊಟ್ರೆ ಸಾಕು, ಮೈಯಲ್ಲಿ ಏನು ಕಮ್ಮಿ, ಏನು ಜಾಸ್ತಿ ಅಂತ ಎಲ್ಲಾ ಹೇಳ್ತಾರೆ."

ಚಪ್ಪಲಿ ಅಂಗಡಿಯ ಮೇಲಿನ ಕೋಣೆ. ಪೋಷಣೆಯ ಸಲಹೆಗಾರ ಎಂದು ಬೋರ್ಡು ಹಾಕಿಕೊಂಡಿದ್ದ ಆ ಮನುಷ್ಯನದು ಮೃದು ಮಾತು. ನಾವು ಆಮೇಲೆ ಬೈದುಕೊಂಡಷ್ಟು ಕೆಟ್ಟವನೂ ಅಲ್ಲ. ತಾನು ಹೇಳಿದ್ದನ್ನು ಅವನೇ ಮನಸಾರೆ ನಂಬಿದ್ದ. ಅವಳ ಕತ್ತಿನ ಹಿಂದೆ ಒಂದಿಷ್ಟು ಕೂದಲು ಕತ್ತರಿಸಿ, ಲಕೋಟೆಯಲ್ಲಿಟ್ಟು, ಎಲ್ಲಿಗೋ ಕಳಿಸಿದ. ಫಲಿತಾಂಶ ಬಂದಾಗ ಹಾಳೆಯ ತುಂಬ ಬಣ್ಣದ ಪಟ್ಟಿಗಳು. ಒಂದು ಕೆಂಪು ಪಟ್ಟಿ ಮಾತ್ರ ಹಾಳೆಯ ಅಂಚಿನವರೆಗೂ ಚಾಚಿತ್ತು.

"ತಾಮ್ರ," ಅಂದ. "ಮೈಯಲ್ಲೆಲ್ಲಾ ತುಂಬ್ಕೊಂಡಿದೆ. ಸತುವಿನ ಮಾತ್ರೆ ತಗೊಳ್ಳಿ, ಅದು ಇದನ್ನ ಹೊರಗೆ ತಳ್ಳುತ್ತೆ."

ಎಲೆಕ್ಟ್ರಿಷಿಯನ್ ಆಗಿದ್ದ ಗಂಡನಿಗೆ ಯಾಕೋ ಸರಿಬರಲಿಲ್ಲ. "ಒಂದ್ಸಲ ಡಾಕ್ಟರ್‌ಗೆ ತೋರ್ಸಿ ರಕ್ತ ಪರೀಕ್ಷೆ ಮಾಡಿಸೋಣ ಕಣೆ."

"ರಕ್ತ ಇವತ್ತಿಂದು ಮಾತ್ರ ಹೇಳುತ್ತಂತೆ. ಕೂದಲು ತಿಂಗಳುಗಟ್ಟಲೆ ಹಿಂದಿಂದೂ ಹೇಳುತ್ತಂತೆ," ಎಂದು ಅವಳು ಬಾಯಿ ಮುಚ್ಚಿಸಿದಳು.

ಮಾತ್ರೆ ಶುರುವಾಗಿ ಸ್ವಲ್ಪ ಕಾಲಕ್ಕೆ ಹಣೆಯ ಅಂಚಿನಲ್ಲಿ ಪುಟ್ಟ ಪುಟ್ಟ ಕೂದಲು ಚಿಗುರಿತು. ಅಲ್ಲಿಗೆ ಅವಳ ನಂಬಿಕೆ ಗಟ್ಟಿಯಾಯಿತು. ಗಂಡನೂ ಸುಮ್ಮನಾದ.

ಮುಂದಿನ ಚಳಿಗಾಲದಲ್ಲಿ ಕಾಲ್ಬೆರಳು ಜುಮ್ಮೆನ್ನತೊಡಗಿತು. ತಣ್ಣೀರಲ್ಲಿ ನಿಲ್ಲುವವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಳು. ಜೋಮು ಪಾದಕ್ಕೆ ಬಂತು, ಪಾದದಿಂದ ಮೀನಖಂಡಕ್ಕೆ ಹತ್ತಿತು. ಮನೆಯೊಳಗೆ ಚಪ್ಪಲಿ ಕಾಲಿಂದ ಜಾರಿದ್ದೂ ತಿಳಿಯದೆ ನಡೆಯುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು. ಮತ್ತೆ ಚಪ್ಪಲಿ ಅಂಗಡಿಯ ಮೇಲಕ್ಕೆ ಹೋದಳು. ಮತ್ತೆ ಕತ್ತರಿ, ಮತ್ತೆ ಲಕೋಟೆ. ಕೆಂಪು ಪಟ್ಟಿ ಈಗ ಇನ್ನೂ ಉದ್ದವಾಗಿತ್ತು.

"ಒಳ್ಳೇ ಲಕ್ಷಣ," ಅಂದ ಸಲಹೆಗಾರ. "ಅಡಗಿದ್ದ ತಾಮ್ರ ಹೊರಗೆ ಬರ್ತಿದೆ, ಅದಕ್ಕೇ ಕಾಲಿಗೆ ತೊಂದರೆ. ಮಾತ್ರೆ ಎರಡರಷ್ಟು ಮಾಡೋಣ."

ಒಂದು ದಿನ ತಲೆಗೆ ಶಾಂಪೂ ಹಾಕಿ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ್ದೇ ತಡ, ಕಾಲ ಕೆಳಗಿನ ನೆಲವೇ ಮಾಯವಾದಂತಾಯಿತು. ಬಿದ್ದ ಸದ್ದಿಗೆ ಗಂಡ ಓಡಿಬಂದು ಬಾಗಿಲು ಬಡಿದ.

"ಸೋಪು ಜಾರ್ತು, ಅಷ್ಟೇ," ಅಂದಳು ಒಳಗಿಂದ. ಸೋಪು ಗೂಡಿನಲ್ಲೇ ಇತ್ತು. ಅವಳು ಅದನ್ನೇ ದಿಟ್ಟಿಸುತ್ತಾ ನೆಲದ ಮೇಲೆ ಕೂತಿದ್ದಳು.

ಇದಾದ ಮೇಲೂ ಅವಳು ಕೆಲಸ ಬಿಡಲಿಲ್ಲ. ನೀರಲ್ಲಿದ್ದರೆ ಬೀಳುವ ಭಯವಿಲ್ಲವಲ್ಲ! ಹಾಗೆಂದುಕೊಂಡೇ ಕೊಳಕ್ಕೆ ಇಳಿಯುತ್ತಿದ್ದಳು. ಒಂದು ಮಧ್ಯಾಹ್ನ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತೇಲುಹಲಗೆ ಕೈಬಿಟ್ಟು ಮುಳುಗಿದಳು. ಟೀಚರ್ ಇದ್ದದ್ದು ಎರಡೇ ಮಾರು ದೂರ. ನೆಲಕ್ಕೆ ಕಾಲೂರಿ ಚಿಮ್ಮಲು ಹೋದಳು. ನೆಲ ಕಾಲಿಗೆ ಸಿಗಲಿಲ್ಲ. ಅಲ್ಲಲ್ಲ, ನೆಲ ಅಲ್ಲೇ ಇತ್ತು, ಕಾಲಿಗೆ ತಿಳಿಯಲಿಲ್ಲ. ಒಂದು ಪಾದ ಇನ್ನೊಂದಕ್ಕೆ ತೊಡರಿ ಅವಳೇ ಮುಗ್ಗರಿಸಿದಳು. ಕೆಳಗೆ ಮಗುವಿನ ಕೆಂಪು ಟೋಪಿ ನಿಧಾನವಾಗಿ ತಿರುಗುತ್ತಿತ್ತು. ಕೈಗಳಿಂದಲೇ ನೀರು ಸೀಳಿ ಹೋಗಿ ಅವಳು ಮಗುವನ್ನು ಎತ್ತಿದಳು. ಮಗು ಕೆಮ್ಮಿ, ಅತ್ತು, ಬದುಕಿತು. ಅವಳು ಕೊಳದ ಅಂಚಿಗೆ ಬಂದು ಮ್ಯಾನೇಜರಿಗೆ ಅಂದಳು: "ನಾಳೆಯಿಂದ ನಾನು ಬರಲ್ಲ."

ಆ ಸಂಜೆ ಗಂಡ ಹೇಳದೆಯೇ ಆಸ್ಪತ್ರೆಗೆ ಹೊರಟಳು. ವಯಸ್ಸಾದ ಡಾಕ್ಟರಮ್ಮ ಅವಳನ್ನು ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು, ವಾಲಿದಾಗ ಹಿಡಿದುಕೊಂಡರು, ಮಾತ್ರೆಯ ಡಬ್ಬಿ ತರಿಸಿ ನೋಡಿದರು. ರಕ್ತದ ಫಲಿತಾಂಶ ಬಂದ ದಿನ ಅವರ ಮುಖದಲ್ಲಿ ನಗು ಇರಲಿಲ್ಲ.

"ನಿಮ್ಮ ಮೈಯಲ್ಲಿ ತಾಮ್ರ ಜಾಸ್ತಿ ಇಲ್ಲಮ್ಮ. ಇರಬೇಕಾದಷ್ಟೂ ಇಲ್ಲ. ಇಷ್ಟು ಸತು ನುಂಗಿದ್ರೆ ತಾಮ್ರ ಮೈಗೆ ಹತ್ತೋದೇ ಇಲ್ಲ. ಅದಿಲ್ದೆ ರಕ್ತ ಕಮ್ಮಿಯಾಗುತ್ತೆ, ನರ ಸೊರಗುತ್ತೆ."

"ಮತ್ತೆ ಕೂದಲಲ್ಲಿ ಅಷ್ಟೊಂದು ಇತ್ತಲ್ಲ?"

"ನೀವು ಏನು ಕೆಲಸ ಮಾಡೋದು?"

"ಈಜು ಕಲಿಸ್ತಿದ್ದೆ."

"ಕೊಳದಲ್ಲಿ ಪಾಚಿ ಕಟ್ಟದ ಹಾಗೆ ಏನು ಹಾಕ್ತಾರೆ?"

"ಮೈಲುತುತ್ತ," ಎಂದಳು. ಹೇಳುತ್ತಿದ್ದಂತೆಯೇ ಅವಳ ಕೈ ಕಿವಿಯ ಪಕ್ಕದ ಹಸಿರು ಕೂದಲಿಗೆ ಹೋಯಿತು. ಆ ನೀಲಿ ಹರಳಿನಲ್ಲಿರುವುದು ತಾಮ್ರವೆಂದು ಶಾಲೆಯಲ್ಲಿ ಓದಿದ್ದಳು.

"ಕೂದಲು ಹೊರಗಿಂದ ಬಂದಿದ್ದನ್ನೆಲ್ಲ ಹೀರ್ಕೊಳ್ಳುತ್ತೆ. ನೀರು, ಬಣ್ಣ, ಶಾಂಪೂ, ಎಲ್ಲ. ಕೆಲವು ವಿಷ ಮೈಗೆ ಸೇರಿದೆಯಾ ಅಂತ ಹುಡುಕೋಕೆ ಅದನ್ನ ನೋಡೋದುಂಟು. ಆದ್ರೆ ಮೈಗೆ ಪೋಷಣೆ ಸಾಕಾ, ಸಾಲದಾ ಅಂತ ಅದೊಂದ್ರಿಂದ ಹೇಳೋಕಾಗಲ್ಲ. ಒಂದೇ ತಲೆಯ ಕೂದಲಿಗೆ ಎರಡು ಲ್ಯಾಬಿನವರು ಎರಡು ಥರ ಹೇಳಿದ್ದೂ ಇದೆ."

"ಉದುರಿದ್ದು ಮತ್ತೆ ಬಂತಲ್ಲ ಡಾಕ್ಟ್ರೇ?"

"ಜೋರು ಜ್ವರ ಬಂದ್ರೆ ಉದುರೋದುಂಟು. ತಾನಾಗೇ ಬರುತ್ತೆ."

ಸತು ನಿಲ್ಲಿಸಿ ತಾಮ್ರ ಕೊಟ್ಟರು. ರಕ್ತ ಬೇಗ ಸುಧಾರಿಸಿತು, ಉಸಿರು ಹಗುರಾಯಿತು. ಕಾಲಿನ ಸ್ಪರ್ಶ ಮಾತ್ರ ಪೂರ್ತಿ ಮರಳಲಿಲ್ಲ; ಒಂದಿಷ್ಟು ಬಂದು ಅಲ್ಲೇ ನಿಂತಿತು.

ಊರುಗೋಲು ಹಿಡಿದು ನಡೆಯುವಷ್ಟಾದಾಗ ಅವಳು ಅಕ್ಕನ ಜೊತೆ ಸಲಹೆಗಾರನ ಕೋಣೆಗೆ ಹೋದಳು. ಅವನು ಆಸ್ಪತ್ರೆಯ ಮೊದಲ ರಕ್ತದ ಫಲಿತಾಂಶ ಗಮನವಿಟ್ಟು ಓದಿದ. ಅವನ ಮುಖ ಅರಳಿತು.

"ನೋಡಿ, ನಾನು ಹೇಳಿರಲಿಲ್ವಾ? ತಾಮ್ರವೆಲ್ಲ ಹೊರಗೆ ಹೋಗಿದೆ."

ಅಕ್ಕ ಬಾಯಿಗೆ ಬಂದಂತೆ ಬೈದಳು, ಅತ್ತಳು. ಅವನು ಕುಡಿಯಲು ನೀರು ಕೊಟ್ಟ. ಮೀನು ಟೀಚರ್ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲನ್ನು ಕಣ್ಣಿಂದ ನೋಡಿ ಕಾಲಿಡುತ್ತಾ ಇಳಿದಳು. ಕೆಳಗಿಂದ ಒಬ್ಬ ತಾಯಿ ಮಗಳ ಕೈಹಿಡಿದು ಹತ್ತಿ ಬರುತ್ತಿದ್ದಳು. ಮಗು ಬಡಕಲಾಗಿತ್ತು, ಜಡೆ ಉದ್ದವಾಗಿತ್ತು.

"ಮೇಲೆ ಹೋಗ್ಬೇಡಿ," ಅಂದಳು ಟೀಚರ್. "ಮೊದ್ಲು ಡಾಕ್ಟರ್‌ಗೆ ತೋರ್ಸಿ. ನನ್ನ ಕಾಲು ನೋಡಿ."

ತಾಯಿ ಅವಳ ಕಾಲು ನೋಡಿದಳು, ಊರುಗೋಲು ನೋಡಿದಳು. ಮಗುವನ್ನು ಗೋಡೆಯ ಕಡೆಗೆ ಎಳೆದುಕೊಂಡು ದಾರಿ ಬಿಟ್ಟಳು.

"ಬೇಗ ನಡಿ ಪುಟ್ಟಿ," ಎಂದಳು. "ಪಾಪ, ಇವರು ತಡವಾಗಿ ಬಂದಿರ್ಬೇಕು."